ಇಳಿತದ ಹೊತ್ತು ನೋಡಿಕೊಂಡು ಹೊನ್ನಾವರದ ಸುತ್ತ

ಉತ್ತರ ಕನ್ನಡದ ಕರಾವಳಿಗೆ ಹೊರಟವರು ಗೋಕರ್ಣ ಮತ್ತು ಮುರುಡೇಶ್ವರಗಳ ನಡುವೆ ಓಡಾಡಿ ಊರಿಗೆ ಮರಳುವುದೇ ರೂಢಿ. ಇವೆರಡರ ನಡುವೆ, ಶರಾವತಿ ಕಡಲು ಸೇರುವಲ್ಲಿರುವ ಹೊನ್ನಾವರ ಬಹುಮಂದಿಗೆ ಬಸ್ಸು ಊಟಕ್ಕೆ ನಿಲ್ಲುವ ಊರು, ಅಷ್ಟೆ. ಆದರೆ ದೇವಸ್ಥಾನಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಬಯಲಲ್ಲಿ ನಡೆಯಬೇಕು, ದೋಣಿ ಹತ್ತಬೇಕು, ನೀರಿಗಿಳಿಯಬೇಕು, ಮರದಡಿ ಕೂತು ಹಕ್ಕಿ ನೋಡಬೇಕು ಎಂದು ಹೊರಟವರಿಗೆ ಇದಕ್ಕಿಂತ ಅನುಕೂಲದ ನೆಲೆ ಈ ಕರಾವಳಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸೇತುವೆ ದಾಟಿ ದಕ್ಷಿಣಕ್ಕೆ ಹೋದರೆ ನೀಲಿ ಧ್ವಜ ಪಡೆದ ಕಾಸರಕೋಡಿನ ಬೀಚು, ಅದರ ಆಸುಪಾಸಿನಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಾಸಿದ ನಡೆದಾರಿ, ಮುಂದೆ ಅಪ್ಸರಕೊಂಡದ ಗುಡ್ಡದ ಮೇಲೊಂದು ಉದ್ಯಾನ, ಇನ್ನೂ ಕೆಳಗೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪ; ಉತ್ತರಕ್ಕೆ ಕುಮಟಾ ದಾಟಿದರೆ ಅಘನಾಶಿನಿಯ ಅಳಿವೆ, ಅದರಾಚೆ ಗೋಕರ್ಣದ ಬೀಚುಗಳ ಸಾಲು. ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66ರ ಅಕ್ಕಪಕ್ಕದಲ್ಲೇ ಇರುವುದರಿಂದ ಒಂದೇ ಕೋಣೆಯಲ್ಲಿ ಗಂಟುಮೂಟೆ ಇಟ್ಟು ದಿನಕ್ಕೊಂದು ದಿಕ್ಕಿಗೆ ಹೊರಡಬಹುದು.

ನಾವು ಗೆಳೆಯರು ಕಾರವಾರ ಬಂದರಿನ ಉಬ್ಬರ-ಇಳಿತದ ಕೋಷ್ಟಕ ನೋಡಿಕೊಂಡೇ ದಿನಗಳನ್ನು ಗೊತ್ತುಮಾಡಿದ್ದೆವು. ಈ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಚಂದ್ರ ದಿನದಿನಕ್ಕೆ ತಡವಾಗಿ ಮೂಡುವಂತೆ ಈ ಹೊತ್ತೂ ದಿನಕ್ಕೆ ಸರಾಸರಿ 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಕಾಂಡ್ಲಾ ಕಾಡಿನ ಕೆಸರಿನಲ್ಲಿ ಜೀವಗಳು ಹೊರಬರುವುದು, ಅಳಿವೆಯಲ್ಲಿ ಬೆಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರು ನೀರಿಗಿಳಿಯುವುದು, ಬಂಡೆಗಳ ಬುಡದಲ್ಲಿ ಕಾಲಿಡಲು ಜಾಗ ಸಿಗುವುದು, ಎಲ್ಲವೂ ಇಳಿತದಲ್ಲೇ. ದೋಣಿ ಸಲೀಸಾಗಿ ಸಣ್ಣ ಕವಲುಗಳಿಗೆ ನುಗ್ಗುವುದು ಉಬ್ಬರದಲ್ಲಿ. ಕಡಲು ತಾನಾಗಿ ಇಟ್ಟುಕೊಂಡಿರುವ ಈ ವೇಳಾಪಟ್ಟಿಗೆ ವಿರುದ್ಧವಾಗಿ ಹೋದರೆ ಅದೇ ಸ್ಥಳಗಳು ಅರ್ಧ ಮಾತ್ರ ಕಾಣುತ್ತವೆ. ಫೆಬ್ರವರಿಯ ಹುಣ್ಣಿಮೆ ಕಳೆದ ಮರುದಿನ ಗುರುವಾರ ಬಂದಿತ್ತು. ಇಳಿತ ಬೆಳಗ್ಗೆ ಮತ್ತು ಸಂಜೆ, ಉಬ್ಬರ ನಡುಹಗಲಿಗೆ. ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಹೊಂದಿಕೆ ಇಲ್ಲ.

ಗುರುವಾರ

ಸಾಗರದಿಂದ ತಾಳಗುಪ್ಪ, ಮಾವಿನಗುಂಡಿ ದಾಟಿ ಗೇರುಸೊಪ್ಪೆಯ ಘಟ್ಟ ಇಳಿದು ಬಂದೆವು. ಇದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಸೀಮೆ. ರಸ್ತೆಯ ಎರಡೂ ಬದಿಯ ಕಾಡು ನಡುಹಗಲಲ್ಲೂ ಬೆಳಕನ್ನು ಒಳಗೆ ಬಿಡುವುದಿಲ್ಲ. ಘಟ್ಟ ಇಳಿಯುವಾಗ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ದಿನಗಳಲ್ಲಿ ಕಾಣುವ ಎಷ್ಟೋ ಸಂಗತಿಗಳಿಗೆ ಅದೇ ಮೂಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು. ಜೋಗದ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ ಉತ್ಪಾದಿಸಿದ ನೀರನ್ನು ಕೆಳಕ್ಕೆ ಬಿಡುತ್ತಲೇ ಇರುವುದರಿಂದ ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಸಿಹಿನೀರು ಬರುತ್ತದೆ. ಅಣೆಕಟ್ಟಿಲ್ಲದ ನದಿಯಲ್ಲಿ ಬೇಸಿಗೆ ಬಂದಂತೆ ಹೊಳೆ ಸೊರಗಿ, ಉಪ್ಪುನೀರು ಒಳನಾಡಿನತ್ತ ಮೈಲುಗಟ್ಟಲೆ ಏರುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ಭಾನುವಾರದವರೆಗೆ ಕಾಯಬೇಕಾಯಿತು.

ಸಂಜೆ ನಾಲ್ಕರ ಹೊತ್ತಿಗೆ ಕಾಸರಕೋಡಿನ ಇಕೋ ಬೀಚಿಗೆ ಹೋದೆವು. ಡೆನ್ಮಾರ್ಕಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪರಿಸರ ಶಿಕ್ಷಣ ಪ್ರತಿಷ್ಠಾನವು ಕೊಡುವ ನೀಲಿ ಧ್ವಜ 2020ರ ಅಕ್ಟೋಬರಿನಲ್ಲಿ ಭಾರತದ 8 ಬೀಚುಗಳಿಗೆ ಒಟ್ಟಿಗೇ ಬಂದಾಗ ಕರ್ನಾಟಕದ ಪಾಲಿಗೆ ಸಿಕ್ಕವು ಎರಡು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಈ ಕಾಸರಕೋಡು. ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಮಾಹಿತಿ ಮತ್ತು ಶಿಕ್ಷಣ, ಸುರಕ್ಷತೆ ಮತ್ತು ಸೇವೆ ಎಂಬ ನಾಲ್ಕು ಬಗೆಯಲ್ಲಿ ಒಟ್ಟು 33 ಮಾನದಂಡಗಳಿವೆ. ಒಮ್ಮೆ ಗೆದ್ದರೆ ಶಾಶ್ವತವೆಂದಿಲ್ಲ, ವರ್ಷವರ್ಷವೂ ಪರೀಕ್ಷೆ ಪಾಸಾಗಬೇಕು. ಇದರ ಫಲ ಬೀಚಿಗೆ ಕಾಲಿಟ್ಟಾಗಲೇ ಗೊತ್ತಾಗುತ್ತದೆ. ಗಾಳಿಮರದ ತೋಪಿನ ನಡುವೆ ನಡೆಯಲು ದಾರಿ, ಮಕ್ಕಳಿಗೆ ಆಟದ ಜಾಗ, ಬಟ್ಟೆ ಬದಲಿಸಲು ಶುಚಿಯಾದ ಕೋಣೆಗಳು, ನೀರಿನ ಪರೀಕ್ಷೆಯ ಫಲಿತಾಂಶ ಬರೆದ ಫಲಕ, ಈಜಲು ಗುರುತು ಹಾಕಿದ ಜಾಗ, ಅದರತ್ತಲೇ ಕಣ್ಣಿಟ್ಟು ಕುಳಿತ ಜೀವರಕ್ಷಕ. ನಮ್ಮ ರಾಜ್ಯದ ಬೇರೆ ಬೀಚುಗಳಲ್ಲಿ ಇವುಗಳಲ್ಲಿ ಒಂದೆರಡು ಸಿಕ್ಕರೂ ಪುಣ್ಯ.

ಇಷ್ಟೆಲ್ಲ ಇದ್ದೂ ಜಾಗ ಸ್ವಲ್ಪ ಹೆಚ್ಚೇ ತಿದ್ದಿದಂತಿದೆ ಎಂದು ನನಗನ್ನಿಸಿದ್ದನ್ನೂ ಹೇಳಬೇಕು. ಹೊಯ್ಗೆಯನ್ನು ದಿನವೂ ಗುಡಿಸಿ ನೆಲಸಮ ಮಾಡಿದ ಕಡೆ ಏಡಿಯ ಬಿಲಗಳು ಕಡಿಮೆ; ಕಡಲು ತಂದು ಹಾಕುವ ಪಾಚಿ, ಚಿಪ್ಪು, ಕಟ್ಟಿಗೆ ತುಂಡುಗಳೂ ಕಸದ ಲೆಕ್ಕಕ್ಕೆ ಸೇರಿಬಿಡುತ್ತವೆ. ಆದ್ದರಿಂದ ಗುರುತಿನ ಗಡಿ ದಾಟಿ ಉತ್ತರಕ್ಕೆ, ಅಳಿವೆಯ ದಿಕ್ಕಿಗೆ ನಡೆಯುತ್ತ ಹೋದೆವು. ಐದೂವರೆಯ ಸುಮಾರಿಗೆ ಇಳಿತ ತಳ ಮುಟ್ಟಿ, ಒದ್ದೆ ಹೊಯ್ಗೆ ಗಟ್ಟಿಯಾಗಿ, ಬರಿಗಾಲಲ್ಲಿ ನಡೆಯಲು ಹೇಳಿ ಮಾಡಿಸಿದಂತಿತ್ತು. ಕಾಸರಕೋಡಿನ ಟೊಂಕದ ಕಡೆ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು, ಉಬ್ಬರದ ಗೆರೆಗಿಂತ ಮೇಲೆ ಹಿಂಗಾಲುಗಳಿಂದ ಗುಂಡಿ ತೋಡಿ, ಸುಮಾರು 100 ಮೊಟ್ಟೆಗಳನ್ನಿಟ್ಟು ಮುಚ್ಚಿ ಹೋಗುತ್ತದೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಗೂಡಿನ ಹೊಯ್ಗೆ ಬೆಚ್ಚಗಿದ್ದಷ್ಟೂ ಹೆಣ್ಣು ಮರಿಗಳೇ ಹೆಚ್ಚು ಹುಟ್ಟುತ್ತವೆ. ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ರಕ್ಷಿಸಿದ್ದ ಗೂಡೊಂದನ್ನು ದೂರದಿಂದ ನೋಡಿದೆವು. ಇದೇ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಅಲ್ಲಿ ಬಲೆ ನೇಯುತ್ತ ಕೂತವರ ಜೊತೆ ಮಾತಿಗೆ ಕುಳಿತರೆ ಹವಾಮಾನದ ನಂತರ ಬರುವ ವಿಷಯ ಅದೇ.

ಶುಕ್ರವಾರ

ಬೆಳಗ್ಗೆ ಬೇಗನೆ ಶರಾವತಿ ಕಾಂಡ್ಲಾವನಕ್ಕೆ ಹೋಗಿದ್ದು ಈ ಪ್ರವಾಸದ ಅತ್ಯಂತ ಒಳ್ಳೆಯ ನಿರ್ಧಾರ. ಇಳಿತ ಆರರ ಸುಮಾರಿಗಿದ್ದುದರಿಂದ ನಾವು ಹಲಗೆಯ ದಾರಿ ಹಿಡಿದಾಗ ನೀರು ಹಿಂದೆ ಸರಿದು ಕಪ್ಪು ಕೆಸರು ಬಯಲಾಗಿತ್ತು. ಕೆಸರಿನ ಮೇಲೆ ಕಂಬಗಳನ್ನು ನಿಲ್ಲಿಸಿ ಮರದ ಎತ್ತರದ ನಡುಭಾಗದಲ್ಲಿ ದಾರಿ ಹಾಯಿಸಿರುವುದರಿಂದ, ಸಾಮಾನ್ಯವಾಗಿ ದೋಣಿಯಿಂದ ಹಸಿರು ಗೋಡೆಯಾಗಿ ಮಾತ್ರ ಕಾಣುವ ಕಾಂಡ್ಲಾ ಕಾಡನ್ನು ಒಳಗಿನಿಂದ ನೋಡಬಹುದು.

ಇಲ್ಲಿ ಎರಡು ಬಗೆಯ ಬೇರುಗಳು ಕಣ್ಣಿಗೆ ಬೀಳುತ್ತವೆ. ರೈಜೋಫೊರಾ ಮರಗಳು ಕಾಂಡದ ಮೇಲಿನಿಂದಲೇ ಬಿಲ್ಲಿನಂತೆ ಬಾಗಿದ ಬೇರುಗಳನ್ನು ಕೆಸರಿಗೆ ಊರಿ ನಿಂತಿವೆ. ಅವಿಸೆನ್ನಿಯಾ ಮರಗಳ ಸುತ್ತ ಕೆಸರಿನಿಂದ ಪೆನ್ಸಿಲ್ ಗಾತ್ರದ ಬೇರುಗಳು ನೆಟ್ಟಗೆ ಮೇಲೆದ್ದಿವೆ. ಕೆಸರಿನಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆ. ಇಳಿತದ ಹೊತ್ತಿನಲ್ಲಿ ಗಾಳಿಯಿಂದ ಉಸಿರೆಳೆಯಲು ಈ ಬೇರುಗಳು ಬೇಕು. ಅವಿಸೆನ್ನಿಯಾದ ಎಲೆಯೊಂದನ್ನು ಬೆರಳಿನಿಂದ ಸವರಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು: ಹೀರಿಕೊಂಡ ಉಪ್ಪನ್ನು ಮರ ಎಲೆಯ ಮೂಲಕ ಹೊರಹಾಕುತ್ತದೆ. ರೈಜೋಫೊರಾ ಬೀಜವನ್ನು ಉದುರಿಸುವುದಿಲ್ಲ. ಬೀಜ ಮರದ ಮೇಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದು, ಬಲಿತ ಮೇಲೆ ಕಳಚಿ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತದೆ, ಉಬ್ಬರದಲ್ಲಿ ಬಿದ್ದರೆ ತೇಲಿಕೊಂಡು ಬೇರೆಲ್ಲೋ ನೆಲೆ ಹುಡುಕುತ್ತದೆ.

ಹಲಗೆಯ ಅಂಚಿನಲ್ಲಿ ಮೊಣಕಾಲೂರಿ ಕೆಳಗೆ ನೋಡುತ್ತ ಕೂತಾಗ ಕೆಸರೇ ಚಲಿಸುತ್ತಿರುವಂತೆ ಕಂಡಿತು. ಮೊದಲು ಕಣ್ಣಿಗೆ ಬಿದ್ದದ್ದು ಫಿಡ್ಲರ್ ಏಡಿಗಳು. ಗಂಡಿನ ಒಂದು ಕೊಂಬು ಮೈಯಷ್ಟೇ ದೊಡ್ಡದು, ಇನ್ನೊಂದು ಚಿಕ್ಕದು. ಚಿಕ್ಕದರಿಂದ ಕೆಸರನ್ನು ಗೋರಿ ಬಾಯಿಗೆ ಹಾಕಿಕೊಳ್ಳುತ್ತಲೇ ದೊಡ್ಡದನ್ನು ಎತ್ತಿ ಎತ್ತಿ ಬೀಸುತ್ತಿತ್ತು. ತಿನ್ನಲು ಬೇಕಾದ್ದನ್ನು ಹೀರಿಕೊಂಡು ಉಳಿದ ಕೆಸರನ್ನು ಪುಟ್ಟ ಗುಂಡುಗಳಾಗಿ ಉಗುಳಿದ್ದರಿಂದ ಪ್ರತಿ ಬಿಲದ ಸುತ್ತಲೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಗುಂಡುಗಳ ವರ್ತುಲ. ಆಮೇಲೆ ಒಂದು ಮಡ್‌ಸ್ಕಿಪ್ಪರ್ ಮೀನು ಬೇರಿನ ಮೇಲೆ ಹತ್ತಿ ಕುಳಿತಿತು. ತಲೆಯ ಮೇಲ್ಭಾಗದಲ್ಲಿ ಎದ್ದು ನಿಂತ ಕಣ್ಣುಗಳನ್ನು ಒಂದೊಂದಾಗಿ ಒಳಗೆಳೆದುಕೊಂಡು ತೇವ ಮಾಡಿಕೊಂಡು ಮತ್ತೆ ಹೊರಹಾಕುವುದು, ಎದುರು ರೆಕ್ಕೆಗಳನ್ನೇ ಕಾಲಾಗಿಸಿ ತೆವಳುವುದು, ಇನ್ನೊಂದು ಮೀನು ಹತ್ತಿರ ಬಂದರೆ ಬೆನ್ನ ಮೇಲಿನ ರೆಕ್ಕೆಯನ್ನು ಹಾಯಿಯಂತೆ ಬಿಡಿಸಿ ನಿಲ್ಲುವುದು. ಇದನ್ನು ನೋಡುತ್ತ ಎಷ್ಟು ಹೊತ್ತು ಕಳೆದೆವೋ ನೆನಪಿಲ್ಲ. ಹಲಗೆಯ ದಾರಿಯಲ್ಲಿ ಆ ಹೊತ್ತಿಗೆ ಬಂದ ಉಳಿದ ಪ್ರವಾಸಿಗರು ಕಮಾನಿನ ಬಳಿ ಫೋಟೋ ತೆಗೆಸಿಕೊಂಡು ಹೊರಟುಹೋದರು. ನಮಗೆ ಜಾಗ ಖಾಲಿಯಾಗಿದ್ದೇ ಒಳ್ಳೆಯದಾಯಿತು. ಎಂಟೂವರೆಯ ನಂತರ ಕವಲುಗಳಲ್ಲಿ ನೀರು ಹಿಮ್ಮುಖವಾಗಿ ಏರತೊಡಗಿದಾಗ ಏಡಿಗಳೆಲ್ಲ ಬಿಲ ಸೇರಿದವು.

ಹತ್ತರ ನಂತರ, ನೀರು ತುಂಬುತ್ತಿದ್ದಾಗ, ದೋಣಿ ಮಾಡಿಕೊಂಡು ಹಿನ್ನೀರಿನಲ್ಲಿ ಸುತ್ತಿದೆವು. ಮಾವಿನಕುರ್ವೆಯ ಕಡೆ ತೆಂಗಿನ ತೋಟಗಳು ನೀರಿನ ಅಂಚಿಗೇ ಬಂದು ನಿಂತಿವೆ. ನದಿಯ ಅಗಲ ಅರ್ಥವಾಗುವುದು ಕೊಂಕಣ ರೈಲಿನ ಸೇತುವೆ ನೋಡಿದಾಗ: 2 ಕಿಲೋಮೀಟರಿಗೂ ಉದ್ದದ ಇದು ಆ ಮಾರ್ಗದ ಅತಿ ಉದ್ದದ ಸೇತುವೆ. ದೋಣಿ ನಡೆಸುತ್ತಿದ್ದ ಹಿರಿಯರಿಗೆ ಗಡಿಯಾರ ಇರಲಿಲ್ಲ; ಕಾಂಡ್ಲಾ ಬೇರಿನ ಮೇಲಿನ ತೇವದ ಗೆರೆಯನ್ನು ನೋಡಿ ತುಂಬು ಉಬ್ಬರಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಹೇಳಿದರು, ಅದು ನಮ್ಮ ಕೋಷ್ಟಕಕ್ಕೆ ಸರಿಯಾಗಿಯೇ ಹೊಂದಿತು. ಮೊದಲು ಇಲ್ಲಿ ಬೆಳಚು ಸಿಗುತ್ತಿತ್ತು, ಈಗ ಹೊಳೆಗೆ ಉಪ್ಪು ಸಾಲದು ಎಂದು ಅವರು ಹೇಳಿದ ಮಾತು, ಗೇರುಸೊಪ್ಪೆಯ ಅಣೆಕಟ್ಟಿನಿಂದ ಇಳಿದು ಬರುವ ಸಿಹಿನೀರಿನ ಬಗ್ಗೆ ವಿಜ್ಞಾನಿಗಳು ಬರೆದಿರುವುದಕ್ಕಿಂತ ಬೇರೆಯಲ್ಲ.

ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಅಪ್ಸರಕೊಂಡ. ಗುಡ್ಡದ ಬುಡದಲ್ಲಿ ಪುಟ್ಟ ಜಲಪಾತ, ಅದರ ಕೆಳಗೊಂದು ಕೊಳ, ಪಕ್ಕದಲ್ಲಿ ಪಾಂಡವರಿದ್ದರೆಂದು ಜನ ನಂಬುವ ಗುಹೆಗಳು. ಫೆಬ್ರವರಿಯಲ್ಲಿ ನೀರು ಸಣ್ಣ ಎಳೆಯಾಗಿ ಇಳಿಯುತ್ತಿತ್ತು. ಕೊಳದ ದಡದಲ್ಲಿ ಶಾಂಪೂ ಪೊಟ್ಟಣಗಳು ಬಿದ್ದಿದ್ದವು. ಕಾಡಿನ ತೊರೆಗೆ ಸ್ನಾನಕ್ಕೆ ಬರುವವರು ಮನೆಯ ಬಚ್ಚಲನ್ನೂ ಜೊತೆಗೆ ಹೊತ್ತು ತರುವುದು ಏಕೋ ತಿಳಿಯದು. ಮೆಟ್ಟಿಲೇರಿ ಗುಡ್ಡದ ಮೇಲಿನ ಉದ್ಯಾನಕ್ಕೆ ಹೋದರೆ ಬೇರೆಯೇ ಲೋಕ: ಜಂಬಿಟ್ಟಿಗೆಯ ನೆಲ, ಗೋಡಂಬಿ ಮರಗಳು, ಕೂರಲು ಕಟ್ಟೆಗಳು, ಮುಂದೆ ಉದ್ದಕ್ಕೂ ಕಡಲು. ಕರ್ನಾಟಕದ ಮೊದಲ ಸಾಗರ ವನ್ಯಧಾಮವೆಂದು ಘೋಷಿತವಾದ ಅಪ್ಸರಕೊಂಡ–ಮುಗಳಿ ಪ್ರದೇಶ ಇದೇ ದಡದಿಂದ ಆಚೆಗೆ ಹರಡಿಕೊಂಡಿದೆ. ನೀರಿನ ಮೇಲೆ ಬೇಲಿಯೂ ಇಲ್ಲ, ಫಲಕವೂ ಇಲ್ಲ. ಗುಡ್ಡದ ಮೇಲಿನಿಂದ ನೋಡಿದರೆ ಅದು ಉಳಿದ ಕಡಲಿನಂತೆಯೇ ಕಾಣುತ್ತದೆ. ಸೂರ್ಯಾಸ್ತಕ್ಕೆ ಮಂದಿ ಕಿಕ್ಕಿರಿದ್ದರು. ನಾವು ಅದಕ್ಕೆ ಮುಂಚೆಯೇ ಇಳಿದುಬಿಟ್ಟೆವು.

ಶನಿವಾರ

ನೇತ್ರಾಣಿಗೆ ಹೋಗುವ ದೋಣಿಗಳು ಮುರುಡೇಶ್ವರದಿಂದ ಬೆಳಗ್ಗೆಯೇ ಹೊರಡುತ್ತವೆ, ಏಕೆಂದರೆ ಮಧ್ಯಾಹ್ನದ ನಂತರ ಗಾಳಿ ಏರಿ ಕಡಲು ಒರಟಾಗುತ್ತದೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪವನ್ನು ತಲುಪಲು ಒಂದೂವರೆ ತಾಸು ಬೇಕು. ಹೊರಟ ಮೇಲೆ ಬಹಳ ಹೊತ್ತು ಹಿಂದೆ ಕಾಣುತ್ತಿರುವುದು 123 ಅಡಿಯ ಶಿವನ ಮೂರ್ತಿ ಮತ್ತು 20 ಅಂತಸ್ತಿನ ರಾಜಗೋಪುರ. ದಿಕ್ಕು ತಿಳಿಯಲು ಮೀನುಗಾರರಿಗೂ ಅವು ಅನುಕೂಲವಾಗಿವೆ ಎಂದು ದೋಣಿಯವರು ಹೇಳಿದರು.

ಹೊಸಬರು ನೀರಿಗಿಳಿಯುವ ಮುನ್ನ ಉಪಕರಣಗಳ ಪಾಠವಾಗುತ್ತದೆ. ಕೈಸನ್ನೆಗಳು ಕೆಲವೇ; ಅವುಗಳಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದು. ನೀರೊಳಗೆ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುವುದರಿಂದ ಇಳಿಯುತ್ತಿದ್ದಂತೆ ಕಿವಿ ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲನೆ ಗಾಳಿ ಊದಿ ಒಳಗಿನ ಒತ್ತಡವನ್ನು ಸರಿದೂಗಿಸುತ್ತ ಹೋಗಬೇಕು. ನೋವು ಇದ್ದರೆ ಇನ್ನೂ ಇಳಿಯಬಾರದು, ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಉಸಿರನ್ನು ಎಂದೂ ಹಿಡಿಯಬಾರದು ಎಂಬುದು ಇನ್ನೂ ಮುಖ್ಯ. ಮೇಲೇರುವಾಗ ಪುಪ್ಪುಸದ ಗಾಳಿ ಹಿಗ್ಗುತ್ತದೆ. ಶೀತ, ಮೂಗು ಕಟ್ಟಿದ್ದವರು ಇಳಿಯದಿರುವುದೇ ಲೇಸು, ನಮ್ಮಲ್ಲೊಬ್ಬರು ಅದೇ ಕಾರಣಕ್ಕೆ ದೋಣಿಯಲ್ಲೇ ಉಳಿದರು.

ಕೆಳಗೆ ಮೊದಲು ಗಮನಕ್ಕೆ ಬಂದದ್ದು ಬಣ್ಣ. ನೀರು ಬೆಳಕಿನ ಕೆಂಪನ್ನು ಮೊದಲು ಹೀರಿಕೊಳ್ಳುವುದರಿಂದ ಗೆಳೆಯನ ಕೆಂಪು ಈಜುಡುಗೆ ಕೆಲವೇ ಮೀಟರು ಇಳಿಯುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿತ್ತು. ಬಂಡೆಗಳ ಮೇಲೆ ಹವಳ, ಅವುಗಳ ನಡುವೆ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ. ಗಿಳಿಮೀನೊಂದು ಬಂಡೆಯನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆಯುತ್ತಿದ್ದ ಸದ್ದು ನನಗೆ ಮೀನು ಕಾಣುವ ಮೊದಲೇ ಕೇಳಿಸಿತು: ಕಲ್ಲುಸಕ್ಕರೆ ಕಡಿಯುವ ಸದ್ದು, ನೀರಿನಲ್ಲಾದ್ದರಿಂದ ಯಾವ ದಿಕ್ಕಿನಿಂದ ಬಂತೆಂದು ಹೇಳಲಾಗದು. ಸುತ್ತ ನೋಡಿದರೆ ಎರಡಡಿ ದೂರದಲ್ಲಿ ಅದು, ಹಸಿರು-ನೀಲಿ ಮೈ, ಪಾಚಿಯನ್ನು ಕೆರೆದು ಕೆರೆದು ತಿನ್ನುತ್ತ, ಹವಳದ ಪುಡಿಯನ್ನು ಹಿಂದಿನಿಂದ ಹೊರಬಿಡುತ್ತ. ಉಷ್ಣವಲಯದ ದ್ವೀಪಗಳ ಬಿಳಿ ಹೊಯ್ಗೆಯ ದೊಡ್ಡ ಪಾಲು ಇಂಥ ಮೀನುಗಳ ಕೈಂಕರ್ಯ.

ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ, ಮತ್ತು ಅದು ಸರಿಯೇ. ಕಡಿದಾದ ಬಂಡೆಗಳ ಮೇಲಿನ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಹಕ್ಕಿಗಳು ತಮ್ಮ ಜೊಲ್ಲಿನಿಂದಲೇ ಗೂಡು ಮಾಡುತ್ತವೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದಕ್ಕೆ ಪರಿಸರ ಕಾಳಜಿಯವರು ಹಿಂದೆ ದನಿಯೆತ್ತಿದ್ದೂ ಇದೇ ಕಾರಣಕ್ಕೆ.

ಮರಳಿ ಬಂದಾಗ ಮುರುಡೇಶ್ವರದ ಬೀಚು ಜಾತ್ರೆಯಾಗಿತ್ತು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡ ಸುದ್ದಿ ಆಗ ಇನ್ನೂ ಹಸಿಯಾಗಿತ್ತು. ಈ ಕಡಲಿನಲ್ಲಿ ಜನರನ್ನು ಎಳೆದೊಯ್ಯುವುದು ಬಹುತೇಕ ದೊಡ್ಡ ಅಲೆಯಲ್ಲ, ದಡಕ್ಕೆ ಬಂದ ನೀರು ಒಂದು ಕಿರಿದಾದ ಓಣಿಯಲ್ಲಿ ರಭಸದಿಂದ ಹಿಂದಿರುಗುವ ಸೆಳೆತ. ಅಕ್ಕಪಕ್ಕ ಅಲೆ ಮುರಿಯುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ಜಾಗವೇ ಅದು. ಮಕ್ಕಳನ್ನು ಆಡಲು ಬಿಡಲು ಜನ ಆರಿಸುವುದೂ ಅದನ್ನೇ. ಸಿಕ್ಕಿಕೊಂಡರೆ ದಡದತ್ತ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬರಬೇಕು.

ಭಾನುವಾರ

ಬೆಳಗಿನ ಕತ್ತಲಲ್ಲೇ ಹೊನ್ನಾವರ ಬಿಟ್ಟು, ಕುಮಟಾದಿಂದ ಎಡಕ್ಕೆ ಹೊರಳಿ ಅಘನಾಶಿನಿ ಊರಿಗೆ ಬಂದಾಗ ಏಳು ಗಂಟೆ. ಅರ್ಧ ತಾಸಿನಲ್ಲಿ ಇಳಿತ ತಳ ಮುಟ್ಟುವುದಿತ್ತು. ಅಳಿವೆಯ ನಡುವೆ ದಿಬ್ಬಗಳು ಎದ್ದಿದ್ದವು. ಸೊಂಟದ ಮಟ್ಟ ನೀರಿನಲ್ಲಿ ನಿಂತ ಹೆಂಗಸರು, ಗಂಡಸರು ಕಾಲಿನಿಂದಲೂ ಕೈಯಿಂದಲೂ ತಡಕಿ ಬೆಳಚು ತೆಗೆದು ತೇಲುವ ಪಾತ್ರೆಗೆ ಹಾಕುತ್ತಿದ್ದರು. ಶರಾವತಿಯಲ್ಲಿ ಶುಕ್ರವಾರ ಕಾಣದಿದ್ದುದು ಇಲ್ಲಿ ಕಾಣಿಸಿತು. ಶಿರಸಿಯ ಬಳಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು ಎಂಬ ಹಳೆಯ ಕ್ರಮ ಇಲ್ಲಿ ಮುರಿದಿಲ್ಲ, ಬೆಳಚಿಗೆ ಬೇಕಾದ್ದೂ ಅದೇ. ದಡದ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪು ತಾಳಬಲ್ಲ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಬರಬೇಕೆಂದಿದ್ದುದು ಜನರ ವಿರೋಧದಿಂದ ನಿಂತುಹೋಯಿತು. 2024ರಲ್ಲಿ ಮಾಗಡಿ ಕೆರೆ ಮತ್ತು ಅಂಕಸಮುದ್ರದ ಜೊತೆಗೆ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎನಿಸಿತು. ಉದ್ಯಾನ ಎಂಬ ಫಲಕ ಎಲ್ಲಿಯೂ ಇಲ್ಲದ ಈ ಜಾಗದಲ್ಲಿ ನಾನು ಕಳೆದ ಗಂಟೆ, ಗುರುವಾರದ ಗುಡಿಸಿದ ಬೀಚಿನಲ್ಲಿ ಕಳೆದ ಸಂಜೆಗಿಂತ ಹೆಚ್ಚಿನದೆಂದು ಹೇಳಲು ನನಗೆ ಸಂಕೋಚವಿಲ್ಲ.

ತದಡಿಗೆ ಕಡವಿನ ದೋಣಿಯಲ್ಲಿ ದಾಟಿ, ಬೇಲೆಕಾನದಿಂದ ನಡಿಗೆ ಹಿಡಿದೆವು. ಹೆಚ್ಚಿನವರು ಗೋಕರ್ಣದಿಂದ ಹೊರಟು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ದಕ್ಷಿಣಕ್ಕೆ ನಡೆಯುತ್ತಾರೆ. ನಮ್ಮಂತೆ ತಿರುವುಮುರುವಾಗಿ ಬಂದರೆ ಜನರಿಲ್ಲದ ಕಡೆಯಿಂದ ಜನರಿರುವ ಕಡೆಗೆ ಬರುತ್ತೇವೆ, ಕೊನೆಗೆ ಊಟ ಸಿಗುವ ಊರೂ ಇರುತ್ತದೆ. ಇಳಿತದ ನಂತರದ ಮೊದಲ ಒಂದೆರಡು ತಾಸಿನಲ್ಲಿ ಪ್ಯಾರಡೈಸ್ ಬೀಚಿನ ಬಂಡೆಗಳ ಬುಡದಲ್ಲಿ ಹೆಜ್ಜೆಯಿಡಲು ಜಾಗವಿರುತ್ತದೆ, ಆಮೇಲೆ ಕಷ್ಟ. ಅಲ್ಲಿಂದ ಹಾಫ್ ಮೂನ್‌ಗೆ ಹೋಗುವ ದಾರಿ ಕಡಲಿನ ಪಕ್ಕದ ಕೊರಕಲಿನ ಮೇಲೆ ಹಾಯುತ್ತದೆ. ಬಿದ್ದ ಒಣ ಎಲೆಗಳ ಕೆಳಗೆ ಸಡಿಲ ಕಲ್ಲುಗಳಿರುವುದರಿಂದ ಚಪ್ಪಲಿಯಲ್ಲಿ ಬರುವುದು ಬೇಡ. ಹಾಫ್ ಮೂನ್‌ನಿಂದ ಓಂ ಬೀಚಿನವರೆಗೆ ಮರಗಳ ನೆರಳಿದೆ. ಓಂ ಬೀಚಿನ ಎರಡು ಬಾಗುಗಳ ನಡುವೆ ಕಡಲಿಗೆ ಚಾಚಿದ ಬಂಡೆಗಳಿಂದಲೇ ಅದರ ಆಕಾರ. ನೆಲದ ಮೇಲೆ ನಿಂತರೆ ಅದು ತಿಳಿಯುವುದಿಲ್ಲ, ಕುಡ್ಲೆಯ ಕಡೆಯ ಗುಡ್ಡ ಏರಿ ಹಿಂತಿರುಗಿ ನೋಡಬೇಕು. ಆ ಗುಡ್ಡದ ಮೇಲಿನ ಜಂಬಿಟ್ಟಿಗೆಯ ಬಯಲಿನಲ್ಲಿ ನೆರಳೆಂಬುದಿಲ್ಲ. ಹತ್ತೂವರೆಗೆ ಅಲ್ಲಿದ್ದ ನಮಗೆ ನೆಲದ ಕಾವು ಬೂಟಿನೊಳಕ್ಕೂ ತಾಗುತ್ತಿತ್ತು. ನಡಿಗೆಯುದ್ದಕ್ಕೂ ಕುಡಿಯುವ ನೀರು ಖಚಿತವಾಗಿ ಸಿಗುವುದು ಓಂ ಮತ್ತು ಕುಡ್ಲೆಗಳಲ್ಲಿ ಮಾತ್ರ ಎಂದುಕೊಂಡು ಹೊರಡುವುದು ಕ್ಷೇಮ.

ಗೋಕರ್ಣದಲ್ಲಿ ಊಟ ಮುಗಿಸಿ ಮರಳುವಾಗ ಸಾಣಿಕಟ್ಟೆಯ ಉಪ್ಪಿನಾಗರಗಳ ಅಂಚಿನಲ್ಲಿ ವಾಹನ ನಿಲ್ಲಿಸಿ ಕಡಲಹಕ್ಕಿಗಳನ್ನು ನೋಡಿದೆವು. ಮಿರ್ಜಾನ್ ಕೋಟೆಗೆ ಸಿಕ್ಕಿದ್ದು ಕೇವಲ ಮುಕ್ಕಾಲು ತಾಸು. 16ನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳಿದ, ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಈ ಜಂಬಿಟ್ಟಿಗೆ ಕೋಟೆಯ ಗೋಡೆಗಳ ಮೇಲೆ ಹುಲ್ಲು ಒಣಗಿತ್ತು. ಮಳೆಗಾಲದಲ್ಲಿ ಇಡೀ ಕೋಟೆ ಹಸಿರು ಹೊದೆಯುತ್ತದೆಂಬುದನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ.

ಸೋಮವಾರ

ಹೊರಡುವ ಬೆಳಗ್ಗೆ ಬಂದರಿನ ಚಹಾ ಅಂಗಡಿಯಲ್ಲಿ, ಇದೇ ಸುತ್ತಾಟವನ್ನು ಮಳೆಗಾಲದಲ್ಲಿ ಮಾಡಿದರೆ ಏನೇನು ಉಳಿಯುತ್ತದೆ ಎಂಬ ಚರ್ಚೆ ನಡೆಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನೇತ್ರಾಣಿಯ ದೋಣಿಗಳು ಮಳೆ ಮುಗಿದು ಅಕ್ಟೋಬರಿನ ಹೊತ್ತಿಗಷ್ಟೇ ಮತ್ತೆ ಹೊರಡುತ್ತವೆ. ಕಾಸರಕೋಡಿನಲ್ಲಿ ನೀರಿಗಿಳಿಯುವ ಮಾತೇ ಇಲ್ಲ. ಪ್ಯಾರಡೈಸ್‌ನ ಬಂಡೆಗಳು ಜಾರುತ್ತವೆ, ಅಲೆಗಳು ಇಳಿತದಲ್ಲೂ ಬುಡ ಬಿಡುವುದಿಲ್ಲ. ಉಳಿಯುವುದು ಅಪ್ಸರಕೊಂಡ ಮತ್ತು ಮಿರ್ಜಾನ್. ಎರಡೂ ಫೆಬ್ರವರಿಯಲ್ಲಿ ನಮಗೆ ಬಡವಾಗಿ ಕಂಡವು, ಆಗಸ್ಟಿನಲ್ಲಿ ತುಂಬಿಕೊಂಡಿರುತ್ತವೆ. ಕಾಂಡ್ಲಾವನದ ಹಲಗೆಯ ದಾರಿ ಮಾತ್ರ ಎರಡೂ ಕಾಲಕ್ಕೆ ಸಲ್ಲುತ್ತದೆ, ಮಳೆ ಬಿಡುವು ಕೊಟ್ಟ ಹೊತ್ತು ಮತ್ತು ಇಳಿತದ ಹೊತ್ತು ಎರಡೂ ಕೂಡಿ ಬಂದರೆ. ಗೆಳೆಯರಲ್ಲಿ ಇಬ್ಬರು ಆಗಸ್ಟಿನ ಅಮಾವಾಸ್ಯೆ ಯಾವ ವಾರದಲ್ಲಿ ಬೀಳುತ್ತದೆಂದು ಆಗಲೇ ಪಂಚಾಂಗ ತೆಗೆದು ನೋಡುತ್ತಿದ್ದರು. ನನ್ನ ಮತ ಸೆಪ್ಟೆಂಬರಿನ ಕಡೆಗಿತ್ತು, ಏಕೆಂದರೆ ಆಗ ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿಯುವ ಭಯ ಕಡಿಮೆ, ಜೋಗದಲ್ಲಿ ನೀರೂ ಇರುತ್ತದೆ.